ಮೂರು ಸ್ಟಾರ್ ಯಾವ ಕಥೆಗೆ? ಬ್ಲ್ಯಾಕ್ ರೊಮ್ಯಾನ್ಸ್ ಸಂಕಲನಗಳು ಮತ್ತು ಅವುಗಳ ಓದುಗರು

ಒಂದು ಪುಸ್ತಕ, ನಾಲ್ಕು ಜನ ಲೇಖಕಿಯರು, ನಾಲ್ಕು ಪ್ರೇಮಕಥೆ. ಎಲ್ಲದ್ರಲ್ಲೂ ನಾಯಕಿ ಬ್ಲ್ಯಾಕ್, ಅಂದ್ರೆ ಆಫ್ರಿಕನ್ ಅಮೆರಿಕನ್, ನಾಯಕನೂ ಬ್ಲ್ಯಾಕ್, ಕಾಲ ಇವತ್ತಿಂದು, ಊರು ಅಟ್ಲಾಂಟಾನೋ ಹ್ಯೂಸ್ಟನ್ನೋ ನ್ಯೂ ಆರ್ಲಿಯನ್ಸೋ. ಇಂಥ ಸಂಕಲನ ಓದಿದೋರು ಏನಂತಾರೆ ಅನ್ನೋದನ್ನ ನಾನು ಸುಮಾರು ವರ್ಷದಿಂದ ಗಮನಿಸ್ತಾ ಬಂದಿದೀನಿ, ಅಟ್ಲಾಂಟಾದಲ್ಲಿ ನಮ್ಮನೆ ಹತ್ರದ ಲೈಬ್ರರಿಲಿ ಓದುಗರ ಗುಂಪಿದೆ, ಅಲ್ಲಿ ಮೂಲೇಲಿ ಕೂತು ಕೇಳಿಸ್ಕೊಂಡೂ ಇದೀನಿ. ಹೆಚ್ಚಿನ ಅಭಿಪ್ರಾಯಗಳು ಒಂದೇ ಅಚ್ಚಲ್ಲಿ ಹೊಯ್ದ ಹಾಗಿರ್ತವೆ. "ಮೊದಲ್ನೇದು ಸಕತ್ತಾಗಿದೆ, ಎರಡನೇದು ಪರ್ವಾಗಿಲ್ಲ, ಮೂರನೇದು ಯಾಕೆ ಸೇರಿಸಿದ್ರೋ ಗೊತ್ತಿಲ್ಲ, ಕೊನೇದು ಇನ್ನೂ ಸ್ವಲ್ಪ ಉದ್ದ ಇರ್ಬೇಕಿತ್ತು." ಕೊಟ್ಟಿದ್ದು ಮೂರು ಸ್ಟಾರ್.

ಈಗ ಹೇಳಿ, ಈ ಮೂರು ಸ್ಟಾರ್ ಯಾರಿಗೆ? ಮೊದಲ್ನೇ ಕಥೆ ಬರೆದೋರಿಗೆ ಐದು ಸಿಗ್ಬೇಕಿತ್ತು, ಮೂರನೇದಕ್ಕೆ ಎರಡೇ ಜಾಸ್ತಿ. ಎಲ್ಲಾ ಸೇರಿಸಿ ಕಲಸಿ ಮೂರು ಅಂದ್ಬಿಟ್ರೆ ಆ ನಂಬರ್ ಒಬ್ಬರ ಬಗ್ಗೆನೂ ನಿಜ ಹೇಳಲ್ಲ. ಅದೂ ಅಲ್ದೆ ಒಬ್ಬರಿಗೆ ಸಕತ್ತಾಗಿ ಕಂಡ ಕಥೆನೇ ಪಕ್ಕದ ಕುರ್ಚಿಯೋರಿಗೆ "ಇದ್ಯಾಕೆ ಸೇರಿಸಿದ್ರೋ" ಆಗಿರತ್ತೆ. ಅದಕ್ಕೇ ಇವತ್ತಿನ ಈ ಮಾತುಕತೇಲಿ ಸ್ಟಾರ್ ಪಕ್ಕಕ್ಕಿಟ್ಟು ಬರೀ ಮಾತು ನೋಡೋಣ. ನನ್ನ ವಾದ ಏನು ಅಂತ ಮೊದ್ಲೇ ಹೇಳ್ಬಿಡ್ತೀನಿ, ಆಮೇಲೆ ನೀವು ಜಗಳ ಮಾಡಿ. ಈ ಓದುಗರು ಹೇಳೋ ದೂರುಗಳು ಒಂದಕ್ಕೊಂದು ಉಲ್ಟಾ ಇರ್ತವೆ, ಆದ್ರೆ ಬಹುಪಾಲು ದೂರಿನ ಬೇರು ಒಂದೇ ಕಡೆ ಇದೆ: ತಮ್ಮಂಥೋರ ಪ್ರೇಮಕಥೆ ಇವರಿಗೆ ತುಂಬಾ ಕಾಲ ಸಿಕ್ಕಿರ್ಲಿಲ್ಲ, ಹಾಗಾಗಿ ಸಿಕ್ಕಿದ ಒಂದೊಂದು ಪುಸ್ತಕದ ಹತ್ರನೂ ಎಲ್ಲಾನೂ ಕೇಳ್ತಾರೆ.

ಸಂಕಲನ ಅನ್ನೋ ರೂಪ ನಮಗೇನೂ ಹೊಸದಲ್ಲ. ದೀಪಾವಳಿ ವಿಶೇಷಾಂಕ ಮನೆಗೆ ಬಂದ ತಕ್ಷಣ ಏನ್ ಮಾಡ್ತಿದ್ವಿ? ಪರಿವಿಡಿ ತೆಗೆದು ನಮ್ಮ ಇಷ್ಟದ ಲೇಖಕರು ಇದಾರಾ ನೋಡಿ, ಅವರದ್ದನ್ನ ಮೊದ್ಲು ಮುಗಿಸಿ, ಉಳಿದಿದ್ದು ಆಮೇಲೆ ಬಸ್ಸಲ್ಲೋ ಮಧ್ಯಾಹ್ನ ಊಟ ಆದ್ಮೇಲೋ. ಇಡೀ ವಿಶೇಷಾಂಕಕ್ಕೆ ಸೇರಿಸಿ ಯಾರಾದ್ರೂ ಮಾರ್ಕ್ಸ್ ಕೊಟ್ಟಿದ್ದು ನೆನಪಿದ್ಯಾ? ಈ ಬ್ಲ್ಯಾಕ್ ರೊಮ್ಯಾನ್ಸ್ ಸಂಕಲನಗಳೂ ಹಬ್ಬದ ನೆಪದಲ್ಲೇ ಬೆಳೆದಿದ್ದು. 1994ರಲ್ಲಿ ಕೆನ್ಸಿಂಗ್ಟನ್ ಅನ್ನೋ ನ್ಯೂಯಾರ್ಕ್ ಪ್ರಕಾಶನದೋರು ಅರಬೆಸ್ಕ್ ಅಂತ ಒಂದು ಮಾಲೆ ಶುರು ಮಾಡಿದ್ರು, ಪೂರ್ತಿ ಬ್ಲ್ಯಾಕ್ ಪ್ರೇಮಕಥೆಗಳಿಗೇ ಮೀಸಲು. ಸ್ವಲ್ಪ ದಿನಕ್ಕೇ ಕ್ರಿಸ್‌ಮಸ್‌ಗೊಂದು, ವ್ಯಾಲೆಂಟೈನ್ಸ್ ಡೇಗೊಂದು ಅಂತ ಇಬ್ಬರು ಮೂವರು ಲೇಖಕಿಯರ ಕಥೆ ಸೇರಿಸಿದ ಪುಸ್ತಕಗಳೂ ಬಂದ್ವು. ಇದ್ರಲ್ಲಿ ಪ್ರಕಾಶಕರ ಲೆಕ್ಕ ಸರಳ, ಹೆಸರಿರೋ ಒಬ್ಬರ ಜೊತೆ ಹೊಸಬರನ್ನ ಕೂರಿಸಿದ್ರೆ ಹಳಬರ ಓದುಗರು ಹೊಸಬರ ಹೆಸರೂ ಕಲೀತಾರೆ.

ಇತ್ತೀಚೆಗೆ ಈ ಕೆಲಸನ ಲೇಖಕಿಯರು ತಾವೇ ಮಾಡ್ತಿದಾರೆ. ಐದಾರು ಜನ ಸೇರಿ, ಒಂದು ಥೀಮ್ ಇಟ್ಕೊಂಡು, ಒಂದೇ ಊರು ಅಥ್ವಾ ಒಂದೇ ಮದುವೆ ಮನೆ ಸುತ್ತ ತಲಾ ಒಂದು ಕಥೆ ಬರೆದು, ಇ-ಬುಕ್ ಮಾಡಿ 99 ಸೆಂಟ್‌ಗೆ ಬಿಡೋದು. 2014ರಲ್ಲಿ ಅಮೆಜಾನಿನ ಕಿಂಡಲ್ ಅನ್‌ಲಿಮಿಟೆಡ್ ಬಂತು, ತಿಂಗಳ ಚಂದಾ ಕಟ್ಟಿ ಎಷ್ಟು ಬೇಕಾದ್ರೂ ಓದ್ಬಹುದು; 2015ರಿಂದ ಅಲ್ಲಿ ಲೇಖಕರಿಗೆ ದುಡ್ಡು ಓದುಗರು ಎಷ್ಟು ಪುಟ ಓದಿದ್ರು ಅನ್ನೋದ್ರ ಮೇಲೆ. ಇದು ಅಭಿಪ್ರಾಯದ ಮೇಲೂ ಪರಿಣಾಮ ಮಾಡತ್ತೆ ನೋಡಿ. ಹದಿನೈದು ಡಾಲರ್ ಕೊಟ್ಟು ಪೇಪರ್‌ಬ್ಯಾಕ್ ತಂದೋರು ಇಷ್ಟ ಆಗ್ದಿದ್ರೂ ಹಲ್ಲು ಕಚ್ಚಿ ಮುಗಿಸ್ತಾರೆ, ಚಂದಾದಲ್ಲಿ ಓದೋರು ಮೂರನೇ ಪುಟಕ್ಕೇ ಬಿಟ್ಟು "ನನಗೆ ಆಗ್ಲಿಲ್ಲ" ಅಂತ ಬರೆದು ಮುಂದಕ್ಕೆ ಹೋಗ್ತಾರೆ. ಎರಡೂ ಅಭಿಪ್ರಾಯನೇ, ತೂಕ ಮಾತ್ರ ಬೇರೆ.

ಸರಿ, ಎಲ್ಲಕ್ಕಿಂತ ಜಾಸ್ತಿ ಕೇಳೋ ದೂರು "ತುಂಬಾ ಚಿಕ್ಕದಾಯ್ತು" ಅನ್ನೋದು. ಅಮೆರಿಕದ ರೊಮ್ಯಾನ್ಸ್ ಲೋಕದಲ್ಲಿ ನೀಳ್ಗತೆ ಅಂದ್ರೆ ಸುಮಾರು 20 ಸಾವಿರದಿಂದ 40 ಸಾವಿರ ಪದ, ಕಾದಂಬರಿಯ ಅರ್ಧಕ್ಕಿಂತ ಕಮ್ಮಿ. ಅಷ್ಟರೊಳಗೆ ಇಬ್ಬರು ಭೇಟಿ ಆಗ್ಬೇಕು, ಹತ್ರ ಬರ್ಬೇಕು, ಏನೋ ಒಂದು ಒಡೀಬೇಕು, ಮತ್ತೆ ಕೂಡ್ಬೇಕು. ಕೂಡ್ಲೇಬೇಕು, ಅದ್ರಲ್ಲಿ ಚೌಕಾಸಿ ಇಲ್ಲ. ರೊಮ್ಯಾನ್ಸ್ ಅಂತ ಲೇಬಲ್ ಹಾಕಿದ್ಮೇಲೆ ಕೊನೇಲಿ ಇಬ್ಬರೂ ಒಟ್ಟಿಗೆ, ನೆಮ್ಮದಿಯಾಗಿ ಇರ್ಲೇಬೇಕು, ಇಲ್ಲಾಂದ್ರೆ ಓದುಗರು ಲೇಖಕಿನ ಸುಮ್ನೆ ಬಿಡಲ್ಲ. ನಮ್ಮಲ್ಲಿ ನಾಯಕಿನ ಕೊನೇ ಅಧ್ಯಾಯದಲ್ಲಿ ಕ್ಷಯ ರೋಗಕ್ಕೆ ಬಲಿ ಕೊಟ್ಟು ಓದುಗರ ಸೆರಗು ಒದ್ದೆ ಮಾಡಿಸಿ ಹೆಸರು ತಗೊಂಡೋರಿದಾರೆ, ಅದು ಇಲ್ಲಿ ನಡೆಯಲ್ಲ.

ಹಾಗಾಗಿ ಜಾಣ ಲೇಖಕಿಯರು ಏನ್ ಮಾಡ್ತಾರೆ ಅಂದ್ರೆ, ಮೊದಲ್ನೇ ಪುಟಕ್ಕೆ ಮುಂಚೆನೇ ಅರ್ಧ ಕಥೆ ಮುಗಿಸಿರ್ತಾರೆ. ಹಳೇ ಪ್ರೇಮಿಗಳು ಹತ್ತು ವರ್ಷ ಆದ್ಮೇಲೆ ಮತ್ತೆ ಸಿಗ್ತಾರೆ, ಅಥ್ವಾ ಅಣ್ಣನ ಫ್ರೆಂಡು, ಅಥ್ವಾ ಗಂಡ-ಹೆಂಡ್ತಿನೇ, ಡಿವೋರ್ಸ್ ಕಾಗದಕ್ಕೆ ಇನ್ನೂ ಸೈನ್ ಬಿದ್ದಿಲ್ಲ, ಅಷ್ಟ್ರಲ್ಲಿ ಅಜ್ಜಿಯ ಎಂಬತ್ತನೇ ಹುಟ್ಟುಹಬ್ಬ ಬಂತು, ಮನೆಯೋರಿಗೆ ವಿಷಯ ಗೊತ್ತಿಲ್ಲ, ಇಬ್ಬರೂ ಒಂದೇ ರೂಮಲ್ಲಿ ಇರ್ಬೇಕು. ಇಂಥ ಕಥೆಗೆ ಯಾರೂ "ಚಿಕ್ಕದಾಯ್ತು" ಅನ್ನಲ್ಲ, ಗಮನಿಸಿ. ಆ ದೂರು ಬರೋದು ಪರಿಚಯನೇ ಇಲ್ಲದ ಇಬ್ಬರು ಶುಕ್ರವಾರ ಏರ್‌ಪೋರ್ಟಲ್ಲಿ ಸಿಕ್ಕಿ ಸೋಮವಾರ ಉಂಗುರ ಹಾಕ್ಕೊಂಡಾಗ. ಅದಕ್ಕೆ ಓದುಗರೇ ಇಟ್ಟಿರೋ ಹೆಸರು ಇನ್‌ಸ್ಟಾ-ಲವ್. ಹಾಗೆ ನೋಡಿದ್ರೆ ದೂರು ಪುಟದ ಲೆಕ್ಕದ್ದಲ್ಲ, "ನಾನು ಇನ್ನೂ ನಂಬಿಲ್ಲ, ಆಗ್ಲೇ ಮದುವೆ ಮಾಡಿಸ್ಬಿಟ್ರಿ" ಅನ್ನೋದು.

ಆದ್ರೆ "ಚಿಕ್ಕದಾಯ್ತು"ಲಿ ಇನ್ನೊಂದು ಜಾತಿ ಇದೆ. ಕಥೆ ಪೂರ್ತಿ ಇಷ್ಟ ಆಗಿ, ಏನೂ ಕೊರತೆ ಇಲ್ದೆ, ಆದ್ರೂ "ಇವರ ಮನೇಲಿ ಇನ್ನೂ ಸ್ವಲ್ಪ ಹೊತ್ತು ಇರ್ಬೇಕಿತ್ತು, ತಂಗಿ ಕಥೆ ಏನಾಯ್ತು, ಆ ಚಿಕ್ಕಪ್ಪ ಯಾರನ್ನಾದ್ರೂ ಮದುವೆ ಆದ್ರಾ" ಅಂತ ಕೇಳೋದು. ಇದು ಬಹಳ ಕೇಳ್ಬರತ್ತೆ. ಇದು ಅರ್ಥ ಆಗ್ಬೇಕಾದ್ರೆ ಸ್ವಲ್ಪ ಹಿಂದಕ್ಕೆ ಹೋಗ್ಬೇಕು.

1980ರಲ್ಲಿ ಡೆಲ್ ಪ್ರಕಾಶನದ ಕ್ಯಾಂಡಲ್‌ಲೈಟ್ ಮಾಲೆಯಲ್ಲಿ ಒಂದು ಪುಸ್ತಕ ಬಂತು. ಬರೆದೋರು ಎಲ್ಸಿ ವಾಷಿಂಗ್ಟನ್ ಅನ್ನೋ ಪತ್ರಕರ್ತೆ, ರೊಸಲಿಂಡ್ ವೆಲ್ಸ್ ಅನ್ನೋ ಹೆಸರಲ್ಲಿ. ನಾಯಕಿ ಪತ್ರಿಕೆಯ ವರದಿಗಾರ್ತಿ, ನಾಯಕ ಎಣ್ಣೆ ಕಂಪನಿಲಿ ದೊಡ್ಡ ಹುದ್ದೇಲಿರೋನು, ಇಬ್ಬರೂ ಬ್ಲ್ಯಾಕ್. ದೊಡ್ಡ ಪ್ರಕಾಶನದ ಇಂಥ ಮಾಲೆಗಳಲ್ಲಿ ಬ್ಲ್ಯಾಕ್ ಲೇಖಕಿ ಬ್ಲ್ಯಾಕ್ ಜೋಡಿ ಬಗ್ಗೆ ಬರೆದ ಮೊದಲ ರೊಮ್ಯಾನ್ಸ್ ಅಂತ ಸಾಮಾನ್ಯವಾಗಿ ಇದನ್ನೇ ಹೇಳ್ತಾರೆ. ಅದನ್ನ ಅಚ್ಚಿಗೆ ತಂದ ಸಂಪಾದಕಿ ವಿವಿಯನ್ ಸ್ಟೀಫನ್ಸ್, ಅವರೂ ಬ್ಲ್ಯಾಕ್, ಹ್ಯೂಸ್ಟನ್ನೋರು, ಅದೇ ವರ್ಷ ರೊಮ್ಯಾನ್ಸ್ ರೈಟರ್ಸ್ ಆಫ್ ಅಮೆರಿಕ ಅನ್ನೋ ಸಂಘ ಕಟ್ಟಿದೋರಲ್ಲಿ ಒಬ್ಬರು. ವರ್ಷ ಇನ್ನೊಂದ್ಸಲ ನೋಡಿ, 1980. ಅಂದ್ರೆ ಅದಕ್ಕೂ ಮುಂಚೆ ಔಷಧಿ ಅಂಗಡಿ ರ‍್ಯಾಕಲ್ಲಿ ತೂಗ್ತಿದ್ದ ಪುಸ್ತಕಗಳನ್ನ ತಗೊಂಡು ಓದ್ತಿದ್ದ ಲಕ್ಷಾಂತರ ಬ್ಲ್ಯಾಕ್ ಹೆಂಗಸರು ಬಿಳೀ ನಾಯಕಿಯರ ನೀಲಿ ಕಣ್ಣಿನ ವರ್ಣನೆ ಓದ್ಕೊಂಡೇ ಪ್ರೇಮಕಥೆಯ ರುಚಿ ಹತ್ತಿಸ್ಕೊಂಡಿದ್ರು.

ಸ್ವಲ್ಪ ಪಕ್ಕಕ್ಕೆ ಹೋಗ್ತೀನಿ, ಕ್ಷಮಿಸಿ, ಈ ಲೇಖಕಿಯರ ಹಗಲು ಕೆಲಸಗಳು ನನಗೆ ಬಹಳ ಇಷ್ಟ. ಅರಬೆಸ್ಕ್ ಶುರುವಾದಾಗ ಬಂದ ಮೊದಲ ಪುಸ್ತಕಗಳಲ್ಲಿ ಒಂದು ಸ್ಯಾಂಡ್ರಾ ಕಿಟ್ ಅವರದ್ದು, ಅವರು ನ್ಯೂಯಾರ್ಕಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಮ್ಮಲ್ಲಿ ಖಗೋಳಶಾಸ್ತ್ರದ ಲೈಬ್ರರಿ ನೋಡ್ಕೊಳ್ತಿದ್ರು. ಬ್ರೆಂಡಾ ಜ್ಯಾಕ್ಸನ್ ಫ್ಲೋರಿಡಾದಲ್ಲಿ ಇನ್ಶೂರೆನ್ಸ್ ಕಂಪನಿಲಿ ಮೂವತ್ತೇಳು ವರ್ಷ ಕೆಲಸ ಮಾಡ್ತಾನೇ ಬರೆದು, ನೂರು ಪುಸ್ತಕ ದಾಟಿಸಿದ್ರು. ಹಗಲು ಕ್ಲೇಮ್ ಫೈಲು, ರಾತ್ರಿ ಟೆಕ್ಸಸ್ ರ‍್ಯಾಂಚಲ್ಲಿ ಪ್ರೇಮ.

ಹಾಂ, ಎಲ್ಲಿದ್ದೆ. ಅರಬೆಸ್ಕ್‌ನ 1998ರಲ್ಲಿ ಬಿಇಟಿ ಅನ್ನೋ ಬ್ಲ್ಯಾಕ್ ಪ್ರೇಕ್ಷಕರ ಟಿವಿ ಚಾನೆಲ್‌ನೋರು ತಗೊಂಡ್ರು, ಕೆಲವು ಕಥೆ ಟಿವಿ ಸಿನಿಮಾನೂ ಆಯ್ತು. 2005ರಲ್ಲಿ ಹಾರ್ಲೆಕ್ವಿನ್ ಅನ್ನೋ ದೊಡ್ಡ ರೊಮ್ಯಾನ್ಸ್ ಪ್ರಕಾಶನದ ಕೈಗೆ ಬಂತು, ಕಿಮಾನಿ ಅನ್ನೋ ಹೆಸರಲ್ಲಿ ಮುಂದುವರೀತು. 2017ರಲ್ಲಿ ಕಿಮಾನಿ ಮಾಲೆ ನಿಲ್ಲಿಸ್ತೀವಿ ಅಂತ ಹೇಳಿದ್ರು. ಅಂದ್ರೆ ಪ್ರತಿ ತಿಂಗಳು ಇಷ್ಟು ಪುಸ್ತಕ ಬರತ್ತೆ ಅಂತ ಕಾಯ್ತಿದ್ದ ಓದುಗರಿಗೆ ಆ ಬಾಗಿಲು ಮುಚ್ಚಿತು. ಮಧ್ಯೆ ಎಷ್ಟೋ ಪುಸ್ತಕದಂಗಡೀಲಿ ಈ ಪುಸ್ತಕಗಳನ್ನ ರೊಮ್ಯಾನ್ಸ್ ಕಪಾಟಲ್ಲೇ ಇಡ್ತಿರ್ಲಿಲ್ಲ, ಆಫ್ರಿಕನ್ ಅಮೆರಿಕನ್ ಅಂತ ಬೇರೆ ಮೂಲೆ, ಅಲ್ಲಿ ಗುಲಾಮಗಿರಿಯ ಚರಿತ್ರೆ ಪಕ್ಕ ಕ್ರಿಸ್‌ಮಸ್ ಪ್ರೇಮಕಥೆ. ಹುಡುಕ್ಕೊಂಡು ಬಂದೋರಿಗೆ ಸಿಗ್ತಿತ್ತು, ಸುಮ್ನೆ ಕಣ್ಣಾಡ್ಸೋರಿಗೆ ಸಿಗ್ತಿರ್ಲಿಲ್ಲ. ಕ್ಯಾಲಿಫೋರ್ನಿಯಾದ ಕಲ್ವರ್ ಸಿಟಿಲಿ ದಿ ರಿಪ್ಡ್ ಬಾಡಿಸ್ ಅಂತ ಬರೀ ರೊಮ್ಯಾನ್ಸ್ ಮಾರೋ ಅಂಗಡಿ ಇದೆ, ಇಬ್ಬರು ಅಕ್ಕ-ತಂಗಿ ನಡೆಸೋದು, ಅವರು ಪ್ರಮುಖ ಪ್ರಕಾಶಕರ ಲೆಕ್ಕ ತೆಗೆದ್ರು. 2018ರಲ್ಲಿ ಬಂದ ನೂರು ರೊಮ್ಯಾನ್ಸಲ್ಲಿ ಬಿಳಿಯರಲ್ಲದ ಲೇಖಕರದ್ದು 7.7. ಬ್ಲ್ಯಾಕ್, ಏಷ್ಯನ್, ಲ್ಯಾಟಿನೋ ಎಲ್ಲಾ ಸೇರಿ ಇಷ್ಟು.

ಇದು ತಲೇಲಿಟ್ಕೊಂಡು ಆ "ಇನ್ನೂ ಸ್ವಲ್ಪ ಇರ್ಬೇಕಿತ್ತು" ಮತ್ತೆ ಕೇಳಿ. ಒಂದು ಮುಗಿದ್ರೆ ಮುಂದಿಂದು ಇದೆ ಅನ್ನೋ ಧೈರ್ಯ ಇರೋ ಓದುಗರು ಹಾಗೆ ಅಂಗಲಾಚಲ್ಲ.

ಈಗ ಇವರಿಗೆ ಏನು ಇಷ್ಟ ಆಗತ್ತೆ ಅನ್ನೋದಕ್ಕೆ ಬರ್ತೀನಿ, ಯಾಕಂದ್ರೆ ದೂರು ಎಲ್ಲರೂ ಬರೀತಾರೆ, ಖುಷಿನ ಸರಿಯಾಗಿ ಬರೆಯೋರು ಕಮ್ಮಿ. ನಮ್ಮ ಗುಂಪಲ್ಲಿ ಪೋಸ್ಟಾಫೀಸಲ್ಲಿ ದುಡಿದು ರಿಟೈರ್ ಆದ ಒಬ್ಬ ಹಿರಿಯರಿದಾರೆ. ಎಲ್ಲರೂ ಅವರ ಹೆಸರಿಗೆ ಮೊದ್ಲು ಮಿಸ್ ಅಂತ ಸೇರಿಸಿನೇ ಕರೆಯೋದು, ದಕ್ಷಿಣದ ಕಡೆ ಹಿರಿಯರಿಗೆ ಅದೇ ಮರ್ಯಾದೆ. ಅವರು ಒಂದು ಸಲ ಸಂಕಲನ ಹಿಡ್ಕೊಂಡು ಬಂದ್ರು, ಒಂದೇ ಒಂದು ಪುಟಕ್ಕೆ ಮೂಲೆ ಮಡಚಿದ್ರು. ಆ ಪುಟದಲ್ಲಿ ಏನಿತ್ತು ಅಂದ್ರೆ, ನಾಯಕಿ ಮೊದಲ ಸಲ ಅವನ ಮನೇಲಿ ರಾತ್ರಿ ಉಳ್ಕೊಳ್ತಿದಾಳೆ, ಬಾತ್‌ರೂಮಲ್ಲಿ ಕನ್ನಡಿ ಮುಂದೆ ನಿಂತು ಕೈಲಿ ಸ್ಯಾಟಿನ್ ಬಾನೆಟ್ ಹಿಡ್ಕೊಂಡು ಯೋಚನೆ ಮಾಡ್ತಿದಾಳೆ, ಹಾಕ್ಕೊಳ್ಳೋದಾ ಬೇಡ್ವಾ.

ಬಾನೆಟ್ ಅಂದ್ರೆ ರಾತ್ರಿ ಮಲಗುವಾಗ ತಲೆಗೆ ಹಾಕ್ಕೊಳ್ಳೋ ನುಣುಪು ಬಟ್ಟೆ ಟೋಪಿ. ಗುಂಗುರು ಕೂದಲು ಹತ್ತಿ ದಿಂಬಿಗೆ ಉಜ್ಜಿದ್ರೆ ಒಣಗತ್ತೆ, ತುಂಡಾಗತ್ತೆ, ಗಂಟೆಗಟ್ಲೆ ಕೂತು ಮಾಡಿಸ್ಕೊಂಡ ಜಡೆ ಹಾಳಾಗತ್ತೆ. ಸ್ಯಾಟಿನ್ ಆದ್ರೆ ಜಾರತ್ತೆ, ಎಣ್ಣೆ-ತೇವ ಹೀರಲ್ಲ. ಪ್ರತಿ ರಾತ್ರಿಯ ಕೆಲಸ ಇದು, ಹಲ್ಲುಜ್ಜಿದ ಹಾಗೆ. ಆದ್ರೆ ಹೊಸ ಹುಡುಗನ ಮುಂದೆ ಮೊದಲ ರಾತ್ರಿನೇ ತಲೆ ಮೇಲೆ ಟೋಪಿ ಹಾಕ್ಕೊಂಡು ಹೋಗೋದು ಹೇಗೆ? ಹಾಕ್ಕೊಳ್ದಿದ್ರೆ ಬೆಳಗ್ಗೆ ಕೂದಲು ನೋಡಿ ಅವನೇ ಹೆದರ್ತಾನೆ. ಕಥೇಲಿ ಅವಳು ಹಾಕ್ಕೊಂಡು ಆಚೆ ಬರ್ತಾಳೆ, ಅವನು ಹಾಸಿಗೆ ಮೇಲೆ ಆಗ್ಲೇ ತನ್ನ ಡ್ಯೂರ್ಯಾಗ್ ಕಟ್ಕೊಂಡು ಕೂತಿರ್ತಾನೆ. ಗಂಡಸರು ತಲೆಗೂದಲು ಅಲೆಅಲೆಯಾಗಿ ಕೂರ್ಲಿ ಅಂತ ಬಿಗಿಯಾಗಿ ಕಟ್ಟೋ ಬಟ್ಟೆ ಅದು. ಇಬ್ಬರೂ ಒಬ್ಬರನ್ನೊಬ್ಬರು ನೋಡಿ ನಗಕ್ಕೆ ಶುರು ಮಾಡ್ತಾರೆ. ಆ ಹಿರಿಯರು ಇದನ್ನ ಜೋರಾಗಿ ಓದಿದ್ರು, ಲೈಬ್ರರಿ ಅನ್ನೋದೂ ಮರ್ತು ಇಡೀ ಗುಂಪು ಬಿದ್ದು ಬಿದ್ದು ನಕ್ಕಿತು. ಆಮೇಲೆ ಅವರು ಪುಸ್ತಕ ಮುಚ್ಚಿ ಹೇಳಿದ್ದು ಇಷ್ಟೇ, "ಉಳಿದ ಮೂರು ಕಥೆ ಹೇಗಿದ್ರೂ ನನಗೆ ಪರ್ವಾಗಿಲ್ಲ."

ಇದು ನಾನು ಕೇಳಿದ ಅತ್ಯುತ್ತಮ ವಿಮರ್ಶೆ. ಲೇಖಕಿ ಬಾನೆಟ್ ಅಂದ್ರೇನು ಅಂತ ವಿವರಿಸೋಕೆ ಹೋಗಿರ್ಲಿಲ್ಲ, ಅದೇ ಅವರಿಗೆ ಹಿಡಿಸಿದ್ದು. ನಾನು ನಿಮಗೆ ಈಗ ಒಂದು ಪ್ಯಾರಾ ಪೂರ್ತಿ ವಿವರಿಸ್ಬೇಕಾಯ್ತು, ಆ ಪುಸ್ತಕ ವಿವರಿಸ್ಲಿಲ್ಲ, ಗೊತ್ತಿರೋರಿಗೆ ಬರೆದಿದ್ದು ಅದು. ಹಿಂಗೇ ಥ್ಯಾಂಕ್ಸ್‌ಗಿವಿಂಗ್ ಊಟದಲ್ಲಿ ಮ್ಯಾಕ್ ಅಂಡ್ ಚೀಸ್ ಯಾರು ಮಾಡಿದ್ದು ಅನ್ನೋದು. ಅದನ್ನ ಮಾಡೋ ಹಕ್ಕು ಮನೇಲಿ ಸುಮ್ಸುಮ್ನೆ ಯಾರಿಗೂ ಸಿಗಲ್ಲ, ದೊಡ್ಡಮ್ಮನೋ ಅಜ್ಜಿನೋ ಒಪ್ಬೇಕು. ಹೊಸದಾಗಿ ಬಂದ ಗೆಳತಿ ಅದನ್ನ ಮಾಡ್ತೀನಿ ಅಂದ್ರೆ ಕಥೇಲಿ ಅರ್ಧ ಜಗಳಕ್ಕೆ ಸಾಕು. ಹೋಮ್‌ಕಮಿಂಗ್ ವಾರಾಂತ್ಯ, ಅಂದ್ರೆ ಹೋವರ್ಡ್, ಸ್ಪೆಲ್‌ಮನ್, ಮೋರ್‌ಹೌಸ್ ಥರದ ಬ್ಲ್ಯಾಕ್ ಕಾಲೇಜುಗಳಿಗೆ ಹಳೇ ವಿದ್ಯಾರ್ಥಿಗಳು ವಾಪಸ್ ಬರೋ ಹಬ್ಬ, ಅದು ಈ ಸಂಕಲನಗಳಿಗೆ ಹೇಳಿ ಮಾಡಿಸಿದ ಜಾಗ, ಹಳೇ ಪ್ರೇಮಿ ಅಲ್ಲಿ ಬಿಟ್ಟು ಇನ್ನೆಲ್ಲಿ ಸಿಗ್ತಾನೆ? ಸ್ಪೇಡ್ಸ್ ಇಸ್ಪೀಟಾಟ, ಮದುವೇಲಿ ಪೊರಕೆ ದಾಟೋ ಶಾಸ್ತ್ರ, ಅಂಗಳದಲ್ಲಿ ಎಲ್ಲಾ ವಯಸ್ಸಿನೋರೂ ಸಾಲಾಗಿ ನಿಂತು ಕುಣಿಯೋ ಎಲೆಕ್ಟ್ರಿಕ್ ಸ್ಲೈಡ್. ಓದುಗರು ಇವನ್ನ ಹೆಸರು ಹೇಳಿ ಹೇಳಿ ಹೊಗಳ್ತಾರೆ, ತಪ್ಪಾದ್ರೆ ಹೆಸರು ಹೇಳಿನೇ ಬೈತಾರೆ.

ಇನ್ನು ದೊಡ್ಡ ಜಗಳ. ಕಥೇಲಿ ನೋವು ಎಷ್ಟಿರ್ಬೇಕು?

ಒಂದು ಗುಂಪು ಹೇಳತ್ತೆ, ಇಡೀ ಪುಸ್ತಕದಲ್ಲಿ ಒಬ್ಬೇ ಒಬ್ಬ ಬಿಳಿಯ ಕೆಟ್ಟದಾಗಿ ಮಾತಾಡಲ್ಲ, ಒಂದೇ ಒಂದು ಸಲ ಪೊಲೀಸ್ ಕಾರು ಹಿಂದೆ ಬಂದು ಲೈಟ್ ಹಾಕಲ್ಲ, ಕೆಲಸದ ಕಡೆ ಬಡ್ತಿ ತಪ್ಪಲ್ಲ, ಇದ್ಯಾವ ದೇಶ ಸ್ವಾಮಿ? ಇನ್ನೊಂದು ಗುಂಪು, ಇದು ಜಾಸ್ತಿ ಜನ, ಹೇಳತ್ತೆ: ಅದನ್ನ ಓದಕ್ಕೆ ಪೇಪರ್ ಇದೆ, ನಾನಿಲ್ಲಿ ಬಂದಿರೋದು ಎರಡು ಗಂಟೆ ಯಾರೂ ಸಾಯದ ಜಾಗದಲ್ಲಿ ಇರೋಕೆ. 2020ರಲ್ಲಿ ಮಿನಿಯಾಪೊಲಿಸ್‌ನಲ್ಲಿ ಜಾರ್ಜ್ ಫ್ಲಾಯ್ಡ್ ಅನ್ನೋ ಬ್ಲ್ಯಾಕ್ ವ್ಯಕ್ತಿ ಪೊಲೀಸರ ಕೈಲಿ ಸತ್ತ ಮೇಲೆ ಅಂಗಡಿಗಳಲ್ಲಿ ಜನಾಂಗಭೇದದ ಬಗ್ಗೆ ಇರೋ ಪುಸ್ತಕಗಳೆಲ್ಲ ಖಾಲಿ ಆದ್ವು, ಬಿಳಿಯ ಓದುಗರು ಪಟ್ಟಿ ಮಾಡ್ಕೊಂಡು ಓದಿದ್ರು. ಆಗ ಎಷ್ಟೋ ಬ್ಲ್ಯಾಕ್ ಲೇಖಕಿಯರು, ಓದುಗರು ಹೇಳಿದ್ದು, ನಮ್ಮ ಸಾವಿನ ಬಗ್ಗೆ ಮಾತ್ರ ಓದ್ಬೇಡಿ, ನಾವು ಪ್ರೀತಿ ಮಾಡೋದನ್ನೂ ಓದಿ. ನಾನು ಈ ಎರಡನೇ ಗುಂಪಿನ ಕಡೆ, ಆದ್ರೆ ಒಂದು ಷರತ್ತು ಹಾಕ್ತೀನಿ. ನೋವೇ ಇಲ್ದೆ ಕಥೆ ನಡೆಸೋದು ಸುಲಭ ಅಲ್ಲ, ಬೇರೆ ಏನಾದ್ರೂ ಪಣಕ್ಕಿಡ್ಬೇಕು. ಗೆದ್ದ ಕಥೆಗಳಲ್ಲಿ ಅದು ಸಣ್ಣ ಸಣ್ಣ ವಿಷಯ ಆಗಿರತ್ತೆ, ತೀರಿಹೋದ ಅಮ್ಮನ ಪಾರ್ಲರ್ ಮಾರೋದಾ ಉಳಿಸ್ಕೊಳ್ಳೋದಾ, ತಂಗಿಯ ಮಾಜಿ ಗಂಡನ ತಮ್ಮನ ಮೇಲೆ ಮನಸ್ಸಾದ್ರೆ ಮನೇಲಿ ಹೇಳೋದು ಹೇಗೆ. ಸೋತ ಕಥೆಗಳಲ್ಲಿ ಪಣಕ್ಕೇ ಏನೂ ಇರಲ್ಲ, ಇಬ್ಬರೂ ಚೆಂದ, ಇಬ್ಬರೂ ಶ್ರೀಮಂತರು, ಒಂದು ತಪ್ಪು ತಿಳುವಳಿಕೆ, ಒಂದು ಫೋನ್ ಕಾಲಲ್ಲಿ ಮುಗೀಬೇಕಾದ್ದು ಅರವತ್ತು ಪುಟ ಎಳೀತಾರೆ. ಅದಕ್ಕೆ ಬೈದ್ರೆ ನಾನೂ ಬೈತೀನಿ.

ಶ್ರೀಮಂತರು ಅಂದೆ. ಇದೂ ಹಳೇ ತಕರಾರು. ತೊಂಬತ್ತರ ದಶಕದ ಕಥೆಗಳಲ್ಲಿ ನಾಯಕ ಹೆಚ್ಚಾಗಿ ಡಾಕ್ಟ್ರು, ಲಾಯರ್ರು, ಕಂಪನಿ ಮಾಲೀಕ, ನಾಯಕಿಗೂ ಒಳ್ಳೇ ಕೆಲಸ, ಒಳ್ಳೇ ಮನೆ. ಅದಕ್ಕೆ ಕಾರಣ ಇತ್ತು, ಅದೇ ಕಾಲದ ಸಿನಿಮಾ, ಟಿವಿ ನ್ಯೂಸ್ ತೆಗೆದ್ರೆ ಬ್ಲ್ಯಾಕ್ ಗಂಡಸು ಅಂದ್ರೆ ಗನ್ನು, ಜೈಲು. ಅದಕ್ಕೆ ಉತ್ತರವಾಗಿ ಬಿಳೀ ಕೋಟು ಹಾಕಿದ ನಾಯಕ ಬಂದ. ಈಗಿನ ಓದುಗರು ಕೇಳ್ತಾರೆ, ಎಲ್ಲರೂ ಸಿಇಒ ಆದ್ರೆ ಅಟ್ಲಾಂಟಾದಲ್ಲಿ ಬಸ್ ಓಡಿಸೋರು ಯಾರು, ಅವರಿಗೆ ಪ್ರೇಮ ಇಲ್ವಾ? ನ್ಯಾಯವಾದ ಪ್ರಶ್ನೆ. ಆದ್ರೆ ಅದೇ ಸಂಕಲನದಲ್ಲಿ ಒಬ್ಬ ಲೇಖಕಿ ಮೆಕ್ಯಾನಿಕ್ಕನ್ನ ನಾಯಕ ಮಾಡಿದ್ರೆ "ನಮ್ಮ ಹುಡುಗೀರಿಗೆ ಒಳ್ಳೇ ಗಂಡು ಸಿಗಲ್ವಾ" ಅಂತ ಬರೆಯೋರೂ ಇದಾರೆ! ಇಬ್ಬರೂ ಒಂದೇ ಪುಸ್ತಕದ ಮೇಲೆ ಭಾರ ಹಾಕ್ತಿದಾರೆ. ನಾನು ಮೊದ್ಲು ಹೇಳಿದ್ದು ಇದನ್ನೇ, ಪುಸ್ತಕ ಸಾಕಷ್ಟಿದ್ರೆ ಒಂದು ಬಸ್ ಡ್ರೈವರ್ ಕಥೆ, ಒಂದು ಸರ್ಜನ್ ಕಥೆ, ಯಾರಿಗೆ ಏನು ಬೇಕೋ ತಗೊಳ್ಳಿ ಅನ್ಬಹುದು, ಇಡೀ ಸಮುದಾಯದ ಮಾನ ಒಬ್ಬ ನಾಯಕನ ಸಂಬಳದ ಮೇಲೆ ನಿಲ್ಲಲ್ಲ. ಆ ದೃಷ್ಟಿಯಿಂದ ಸಂಕಲನ ಒಳ್ಳೇ ರೂಪ, ಒಂದೇ ರಟ್ಟಿನೊಳಗೆ ಇಬ್ಬರೂ ಇರ್ಬಹುದು.

ಇಷ್ಟೊತ್ತು ಹೇಳಿದ್ದು ಬ್ಲ್ಯಾಕ್ ಓದುಗರ ಮಾತು. ಬಿಳಿಯ ಓದುಗರ ಕಡೆಯಿಂದ ಬರೋ ಒಂದು ಮಾತಿದೆ, ಈ ಲೇಖಕಿಯರು ವರ್ಷಾನುಗಟ್ಲೆ ಕೇಳಿ ಕೇಳಿ ಸುಸ್ತಾಗಿರೋದು: "ಚೆನ್ನಾಗಿದೆ, ಆದ್ರೆ ನನಗೆ ರಿಲೇಟ್ ಆಗ್ಲಿಲ್ಲ." ಇನ್ನೂರು ವರ್ಷ ಹಿಂದಿನ ಇಂಗ್ಲೆಂಡಿನ ಡ್ಯೂಕ್ ಜೊತೆ ರಿಲೇಟ್ ಆಗತ್ತೆ, ಹುಣ್ಣಿಮೆ ದಿನ ತೋಳ ಆಗೋನ ಜೊತೆ ರಿಲೇಟ್ ಆಗತ್ತೆ, ಪಕ್ಕದ ಬೀದಿಯ ಬ್ಲ್ಯಾಕ್ ಡೆಂಟಿಸ್ಟ್ ಜೊತೆ ಆಗಲ್ಲ. ನಗು ಬರತ್ತೆ, ಆದ್ರೆ ಇದರಿಂದ ನಷ್ಟ ಆಗಿದ್ದು ನಿಜ.

ಹೇಗೆ ಅಂದ್ರೆ, ಆ ರೊಮ್ಯಾನ್ಸ್ ರೈಟರ್ಸ್ ಆಫ್ ಅಮೆರಿಕ ಸಂಘ ಪ್ರತಿ ವರ್ಷ ರೀಟಾ ಅಂತ ಪ್ರಶಸ್ತಿ ಕೊಡ್ತಿತ್ತು, ಈ ಲೋಕದಲ್ಲಿ ಅದೇ ದೊಡ್ಡದು. ಪುಸ್ತಕಗಳಿಗೆ ಅಂಕ ಹಾಕ್ತಿದ್ದೋರು ಸಂಘದ ಸದಸ್ಯರೇ, ಅಂದ್ರೆ ಓದುಗರ ಅಭಿಪ್ರಾಯನೇ, ಅಂಕದ ರೂಪದಲ್ಲಿ. 2018ರಲ್ಲಿ ಸಂಘನೇ ಒಪ್ಕೊಳ್ತು, ಇಷ್ಟು ವರ್ಷದ ಅಂತಿಮ ಪಟ್ಟಿಗಳಲ್ಲಿ ಬ್ಲ್ಯಾಕ್ ಲೇಖಕರ ಪುಸ್ತಕ ಇನ್ನೂರಕ್ಕೆ ಒಂದು ಕೂಡ ಇಲ್ಲ, ಗೆದ್ದೋರು ಒಬ್ಬರೂ ಇಲ್ಲ. ಸಂಘ ಕಟ್ಟಿದೋರಲ್ಲಿ ಒಬ್ಬರು ಬ್ಲ್ಯಾಕ್ ಹೆಂಗಸು, ನೆನಪಿರ್ಲಿ. ಮರುವರ್ಷ, 2019ರಲ್ಲಿ, ಮೊದಲ ಸಲ ಇಬ್ಬರು ಬ್ಲ್ಯಾಕ್ ಲೇಖಕಿಯರು ಗೆದ್ರು, ಕೆನಡಿ ರಯನ್ ಕಾದಂಬರಿಗೆ, ಎಂ. ಮಲೋನ್ ನೀಳ್ಗತೆಗೆ. ನೀಳ್ಗತೆಗೆ ಅನ್ನೋದನ್ನ ನಾನು ಒತ್ತಿ ಹೇಳ್ತೀನಿ, ಈ ಚಿಕ್ಕ ರೂಪನ "ಟೈಮ್‌ಪಾಸು" ಅನ್ನೋರು ಇಲ್ಲೂ ಕೆಲವರಿರ್ಬಹುದು. ಅದೇ ವರ್ಷ ನಿಶಾ ಶರ್ಮಾ ಅವರೂ ಗೆದ್ರು, ದಕ್ಷಿಣ ಏಷ್ಯಾ ಮೂಲದೋರಿಗೆ ಅದು ಮೊದಲು. ಆಮೇಲಿನ ಕಥೆ ಚುಟುಕಾಗಿ ಹೇಳ್ತೀನಿ: ಆ ವರ್ಷದ ಕೊನೇಲಿ ಜನಾಂಗಭೇದದ ವಿಷಯಕ್ಕೇ ಸಂಘದಲ್ಲಿ ದೊಡ್ಡ ರಂಪ ಆಯ್ತು, ರೀಟಾ ನಿಂತಿತು, ಹೊಸ ಪ್ರಶಸ್ತಿಗೆ ವಿವಿಯನ್ ಅಂತ ಸ್ಟೀಫನ್ಸ್ ಅವರ ಹೆಸರಿಟ್ರು, 2024ರಲ್ಲಿ ಸಂಘ ದಿವಾಳಿ ಅರ್ಜಿ ಹಾಕ್ತು.

ಕವರ್ ಬಗ್ಗೆ ಒಂದು ಮಾತು, ಟೈಮ್ ಆಗ್ತಿದೆ. ಫೋಟೋ ಮಾರೋ ಕಂಪನಿಗಳ ಹತ್ರ ಬ್ಲ್ಯಾಕ್ ಜೋಡಿಗಳ ಚಿತ್ರ ಕಮ್ಮಿ ಇರೋದ್ರಿಂದ ಅದೇ ಇಬ್ಬರು ಮಾಡೆಲ್ ಬೇರೆ ಬೇರೆ ಲೇಖಕಿಯರ ಕವರಲ್ಲಿ ಬರ್ತಾರೆ, ಓದುಗರು ಗುರುತು ಹಿಡಿದು ತಮಾಷೆ ಮಾಡ್ತಾರೆ, "ಇವನು ಮತ್ತೆ ಮದುವೆ ಆದ್ನಾ". ತಮಾಷೆ ಅಲ್ಲದ ದೂರು ಬಣ್ಣದ್ದು. ಕಥೇಲಿ ನಾಯಕಿ ಗಾಢ ಕಪ್ಪು, ಚಿಕ್ಕದಾಗಿ ಕತ್ತರಿಸಿದ ಗುಂಗುರು ಕೂದಲು, ಕವರಲ್ಲಿ ನೋಡಿದ್ರೆ ತಿಳಿ ಬಣ್ಣದ, ಉದ್ದ ನೇರ ಕೂದಲಿನ ಹುಡುಗಿ. ಮದುವೆ ಜಾಹೀರಾತಲ್ಲಿ ಎಣ್ಣೆಗೆಂಪು, ಗೋಧಿ ಬಣ್ಣ ಅಂತ ಓದ್ಕೊಂಡು ಬೆಳೆದ ನಮಗೆ ಇದನ್ನ ಯಾರೂ ಬಿಡಿಸಿ ಹೇಳ್ಬೇಕಾಗಿಲ್ಲ ಬಿಡಿ. ಕಾಗುಣಿತದ ತಪ್ಪಿನ ದೂರೂ ಬರತ್ತೆ, ಸ್ವಂತ ಖರ್ಚಲ್ಲಿ ತರೋ ಸಂಕಲನಗಳಲ್ಲಿ ಅದು ಇದ್ದದ್ದೇ. ಆದ್ರೆ ಮನೆಮಾತಿನ ಧಾಟಿಲಿ ಬರೆದ ಸಂಭಾಷಣೆನ ತಪ್ಪು ಇಂಗ್ಲಿಷ್ ಅಂತ ಎಣಿಸಿ ಅಂಕ ಕಳೆಯೋರ ಮಾತಿಗೆ ನಾನು ಬೆಲೆ ಕೊಡಲ್ಲ.

ಕೊನೆಗೆ ಹಿಂದಿನ ಸಾಲಿಂದ ಒಬ್ಬರು ಕೇಳಿದ್ರು, ಇದನ್ನೆಲ್ಲ ಕೇಳಿ ಓದ್ಬೇಕು ಅನ್ಸಿದ್ರೆ ಎಲ್ಲಿಂದ ಶುರು ಮಾಡೋದು ಅಂತ. ಕ್ರಿಸ್‌ಮಸ್ ಸಂಕಲನ ಯಾವುದಾದ್ರೂ ಒಂದು ತಗೊಳ್ಳಿ, ಅವು ಹಗುರ, ಮನೆ ತುಂಬ ಜನ, ಊಟ ಜಾಸ್ತಿ. ಪರಿವಿಡಿ ಕ್ರಮಕ್ಕೆ ಕಟ್ಟುಬೀಳ್ಬೇಡಿ, ಇಷ್ಟ ಆಗದ ಕಥೆ ಹತ್ತು ಪುಟಕ್ಕೇ ಬಿಟ್ಟು ಮುಂದಿನದಕ್ಕೆ ಹಾರಿ. ಯಾವ ಲೇಖಕಿ ಹಿಡಿಸಿದ್ರೋ ಅವರ ಕಾದಂಬರಿಗೆ ಹೋಗಿ. ನನ್ನ ಇಷ್ಟ ಕೇಳಿದ್ರೆ ನಗಬೇಕು ಅಂದ್ರೆ ಫರಾ ರೋಷನ್, ಅಳಬೇಕು ಅಂದ್ರೆ ಕೆನಡಿ ರಯನ್, ಇಂಗ್ಲೆಂಡಿನ ಕಥೆ ಬೇಕು ಅಂದ್ರೆ ಟಾಲಿಯಾ ಹಿಬರ್ಟ್, ಹಳೇ ಕಾಲದ್ದು ಬೇಕು ಅಂದ್ರೆ ಬೆವರ್ಲಿ ಜೆಂಕಿನ್ಸ್. ಅಮೆರಿಕದಲ್ಲಿರೋರು ಲೈಬ್ರರಿ ಕಾರ್ಡ್ ಇದ್ರೆ ಲಿಬ್ಬಿ ಆ್ಯಪಲ್ಲಿ ಬಿಟ್ಟಿ ಓದ್ಬಹುದು, ಆಡಿಯೋನೂ ಸಿಗತ್ತೆ. ಒಂದೇ ಎಚ್ಚರಿಕೆ, ಒಂದೇ ಸಂಕಲನದಲ್ಲಿ ಒಂದು ಕಥೆ ಕೈ ಹಿಡಿಯೋದರಲ್ಲೇ ಮುಗಿಯತ್ತೆ, ಮುಂದಿಂದು ಬಾಗಿಲು ಹಾಕ್ಕೊಳ್ಳೋದೇ ಇಲ್ಲ, ಯಾವುದು ಯಾವಾಗ ಬರತ್ತೆ ಅಂತ ಹೇಳಕ್ಕಾಗಲ್ಲ. ಕಾರಲ್ಲಿ ಆಡಿಯೋ ಹಾಕೋ ಮುಂಚೆ ಹಿಂದಿನ ಸೀಟಲ್ಲಿ ಅತ್ತೆ-ಮಾವ ಇಲ್ಲ ತಾನೆ ಅಂತ ಒಂದ್ಸಲ ನೋಡ್ಕೊಂಡ್ಬಿಡಿ.